ಹೊತ್ತುಕೊಂಡು ತಿರುಗಿದವಳ ಹೆಸರು

ನನಗೊಬ್ಬಳು ಅಕ್ಕ ಇದ್ದಳು.

ಈ ವಾಕ್ಯವನ್ನು ಗೋಕಾಕದ ಒಂದು ಮಾಳಿಗೆಯ ಕೋಣೆಯಲ್ಲಿ ಕೂತು ಬಿಳಿ ಹಾಳೆಯ ಮೇಲೆ ಬರೆದೆ. ಅದರ ಕೆಳಗೆ, ಅದು ನನಗೆ ಹೇಗೆ ಗೊತ್ತಾಯಿತು ಎಂದು ಬರೆಯಬೇಕಿತ್ತು. ಅಲ್ಲಿ ಪೆನ್ನು ನಿಂತಿತು. ಪಕ್ಕದಲ್ಲಿ ಕೂತವರು ಬರೆಯುತ್ತಲೇ ಇದ್ದರು. ನಾನು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗಿಯ ಹಾಗೆ ಫ್ಯಾನನ್ನು ನೋಡುತ್ತ ಕೂತೆ.

ಅದು ಇತಿಹಾಸದ ತರಗತಿ. ಕಾಲೇಜಿನದಲ್ಲ, ಯಾವ ಸಂಸ್ಥೆಯದೂ ಅಲ್ಲ. ನಿವೃತ್ತರಾದ ಇತಿಹಾಸದ ಮಾಸ್ತರರೊಬ್ಬರು ಕರದಂಟಿನ ಅಂಗಡಿಯ ಮೇಲಿನ ಕೋಣೆ ಹಿಡಿದು ರವಿವಾರ ಮುಂಜಾನೆ ಹತ್ತರಿಂದ ಒಂದರ ತನಕ ನಡೆಸುತ್ತಿದ್ದರು. ಅದರ ಹಸ್ತಪತ್ರಿಕೆ ಮಾಡಿಸಲು ನನ್ನ ಅಂಗಡಿಗೇ ಬಂದಿದ್ದರು. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆಯ ಕಾರ್ಡು, ಅರ್ಜಿ, ಶ್ರದ್ಧಾಂಜಲಿಯ ಬ್ಯಾನರು. ದಿನವಿಡೀ ಬೇರೆಯವರ ಮನೆಯ ಹೆಸರುಗಳನ್ನು ಟೈಪ್ ಮಾಡುವ ಕೆಲಸ.

ಅವರು ಬರೆದುಕೊಂಡು ಬಂದದ್ದು ಇಷ್ಟೆ: ಪರೀಕ್ಷೆ ಇಲ್ಲ, ಪ್ರಮಾಣಪತ್ರ ಇಲ್ಲ, ವಯಸ್ಸು ಕೇಳುವುದಿಲ್ಲ, ತಿಳಿಯುವ ಚಟ ಇದ್ದರೆ ಸಾಕು.

"ಚಟ ಅನ್ನೂದು ಸರಿ ಕಾಣತೈತೇನ್ರಿ ಸರ? ಆಸಕ್ತಿ ಅಂತ ಹಾಕಲೇನು?" ಎಂದೆ.

"ಆಸಕ್ತಿ ಇದ್ದವರು ಒಂದ ವಾರ ಬರ್ತಾರ್ರಿ. ಚಟ ಇದ್ದವರು ಬಿಟ್ಟೇನಂದ್ರೂ ಬಿಡೂದಿಲ್ಲ. ಚಟ ಅಂತನ ಇರ್ಲಿ," ಎಂದರು.

ನನಗೆ ಚಟವೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ. ನನಗಿದ್ದದ್ದು ಹೆದರಿಕೆ.

ಅವ್ವ ಮರೆಯತೊಡಗಿದ್ದಳು. ಮೊದಲು ಒಲೆ, ಆಮೇಲೆ ಬಚ್ಚಲಿನ ದಾರಿ, ಆಮೇಲೆ ನನ್ನ ಗಂಡ ತೀರಿಹೋದದ್ದು. ಮೂಡಲಗಿಯಲ್ಲಿ ಅಣ್ಣನ ಮನೆಯಲ್ಲಿದ್ದವಳು ಸೊಸೆಯನ್ನು ಗುರುತು ಹಿಡಿಯದೆ, ದಿನಾ ಗಂಟು ಕಟ್ಟಿಕೊಂಡು ಬಾಗಿಲಿಗೆ ನಿಲ್ಲತೊಡಗಿದ ಮೇಲೆ ನಾನು ಗೋಕಾಕಕ್ಕೆ ಕರೆತಂದೆ. ಒಂದು ತಿಂಗಳಿಗೆಂದು ಬಂದವಳು ಮೂರು ವರ್ಷದಿಂದ ಇದ್ದಾಳೆ. ರೊಟ್ಟಿಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ಕಲ್ಲೋಳಿಗೆ ಹೋಗಬೇಕೆಂದು ಸೀರೆ ಉಡುತ್ತಾಳೆ. ಕಲ್ಲೋಳಿಯ ಮನೆ ಮಾರಿ ಯಾವ ಕಾಲವಾಯಿತು. ಒಳ್ಳೆಯ ದಿನ ನನ್ನನ್ನು ಹೆಸರಿಟ್ಟು ಕರೆಯುತ್ತಾಳೆ. ಕೆಟ್ಟ ದಿನ "ಬಾಯಾರ" ಅನ್ನುತ್ತಾಳೆ, ಸರಕಾರಿ ದವಾಖಾನೆಯ ನರ್ಸನ್ನು ಕರೆದ ಹಾಗೆ.

ಡಾಕ್ಟರರು ಹೇಳಿದ್ದರು: "ಹಳೇದು ಎಲ್ಲಾಕಿಂತ ಕಡೀಕ ಹೋಗತೈತ್ರಿ." ನಾನು ಸಮಾಧಾನಪಟ್ಟುಕೊಳ್ಳುವ ಮೊದಲೇ, "ಆದ್ರ ಹೋಗತೈತಿ," ಎಂದು ಸೇರಿಸಿದರು.

ಹಳೆಯದರಲ್ಲಿ ನನಗೆ ಬೇಕಾದದ್ದು ಒಂದೇ ಇತ್ತು. ಅಕ್ಕನ ಹೆಸರು.

ಅಕ್ಕನ ಬಗ್ಗೆ ನನ್ನಲ್ಲಿ ಇದ್ದದ್ದು ಒಂದು ನೆನಪು. ಕಲ್ಲೋಳಿಯ ಮನೆಯಿಂದ ಬಾವಿಯ ಕಡೆಗೆ ಹೋಗುವ ಬದುವಿನ ಮೇಲೆ ಅವಳು ನನ್ನನ್ನು ಬಗಲಲ್ಲಿ ಹೊತ್ತುಕೊಂಡು ನಡೆಯುತ್ತಿದ್ದಾಳೆ. ಅವಳ ಜಡೆ ಹಸಿಯಾಗಿದೆ, ನನ್ನ ಕೆನ್ನೆಗೆ ತಣ್ಣಗೆ ತಾಗುತ್ತದೆ. ಅವಳು ಬಾರಿಹಣ್ಣನ್ನು ತನ್ನ ಬಾಯಲ್ಲಿ ಹಾಕಿಕೊಂಡು ಬೀಜ ತೆಗೆದು, ತಿರುಳನ್ನು ನನ್ನ ಬಾಯಿಗೆ ಇಡುತ್ತಾಳೆ. ಮುಖ ಕಾಣುವುದಿಲ್ಲ. ಬಗಲಲ್ಲಿರುವ ಕೂಸಿಗೆ ಮುಖ ಕಾಣುವುದಿಲ್ಲವಲ್ಲ, ಕಿವಿ ಕಾಣುತ್ತದೆ, ಕುತ್ತಿಗೆ ಕಾಣುತ್ತದೆ. ಆದ್ದರಿಂದಲೇ ಈ ನೆನಪು ನಿಜ ಎಂದು ನಾನು ನಂಬಿದ್ದೆ. ಕಟ್ಟಿಕೊಂಡ ನೆನಪಾಗಿದ್ದರೆ ಮುಖವನ್ನೂ ಕಟ್ಟಿಕೊಳ್ಳುತ್ತಿದ್ದೆ ಎಂಬುದು ನನ್ನ ವಾದ.

ಮನೆಯಲ್ಲಿ ಅವಳ ಫೋಟೋ ಇಲ್ಲ. ಅವಳ ಮಾತಿಲ್ಲ. ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದಕ್ಕೆ ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎರಡು ದಿನವೋ, ಒಂದು ಮಧ್ಯಾಹ್ನವೋ. ಈಗ ಅದನ್ನೂ ಖಚಿತವಾಗಿ ಹೇಳಲಾರೆ.

ಮೊದಲ ರವಿವಾರ ನಾವು ಒಂಬತ್ತು ಜನ ಇದ್ದೆವು. ನನ್ನ ಪಕ್ಕದಲ್ಲಿ ಕೂತವರು ಮಮದಾಪುರದವರು, ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು, ಅರವತ್ತು ದಾಟಿದವರು. ಹುಬ್ಬಿನಲ್ಲಿ ಸದಾ ಒಂದಿಷ್ಟು ಹಿಟ್ಟು ಇರುತ್ತಿತ್ತು. ಎಲ್ಲರೂ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದರು. ಅವರಿಗೆ ಓದಲು ತುಸು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ.

"ನೀವು ಇಲ್ಲಿಗೆ ಯಾಕ ಬಂದ್ರಿ ಕಾಕೂ?" ಎಂದು ಸರ್ ಕೇಳಿದರು.

"ಗಿರಣ್ಯಾಗ ದಿನಾ ಮಂದಿ ಕತಿ ಹೇಳ್ತಾರ್ರಿ. ಖರೆ ಯಾವುದು, ಸುಳ್ಳ ಯಾವುದು ತಿಳೀವಲ್ದು. ಅದನ್ನ ಕಲಸ್ತೀರೇನ ನೋಡೂಣು ಅಂತ ಬಂದೆ."

"ಅದನ್ನ ನಾನೂ ಇನ್ನೂ ಕಲ್ಯಾಕತ್ತೇನ್ರಿ," ಎಂದರು ಸರ್.

ಅವರು ಕೊಟ್ಟ ಮೊದಲ ಕೆಲಸವೇ ಆ ಹಾಳೆ. ಮೇಲೆ ನಿಮ್ಮ ಮನೆಯ ಇತಿಹಾಸದ ಒಂದು ಸಂಗತಿ, ಕೆಳಗೆ ಅದು ನಿಮಗೆ ಹೇಗೆ ತಿಳಿಯಿತು ಎಂಬುದು. ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ, ಕಾಗದದಲ್ಲಿದೆಯೋ. ಕಾಕೂ ಹೇಳಿದ್ದನ್ನು ನಾನು ಬರೆದುಕೊಟ್ಟೆ. ನನ್ನದನ್ನು ಅರ್ಧಕ್ಕೇ ಕೊಟ್ಟೆ. ಸರ್ ಓದಿ, ನನ್ನ ಮುಖ ನೋಡಿ, "ನೆನಪು ಒಂದು ಸಾಕ್ಷಿ ಹೌದ್ರಿ. ಆದ್ರ ಆ ಸಾಕ್ಷಿ ನಿಮ್ಮ ಮನ್ಯಾಗನ ಉಂಡು ನಿಮ್ಮ ಮನ್ಯಾಗನ ಮಕ್ಕೊಂಡೈತಿ. ಹೊರಗಿನ ಇನ್ನೊಂದು ಬೇಕು," ಎಂದರು.

ಅಂದಿನಿಂದ ನಾನು ಹೊರಗಿನ ಸಾಕ್ಷಿ ಹುಡುಕತೊಡಗಿದೆ. ಹುಡುಕತೊಡಗಿದೆ ಎಂದರೆ ಸಾವಧಾನದ ಕೆಲಸವೆನಿಸುತ್ತದೆ. ಹಾಗಿರಲಿಲ್ಲ. ಪ್ರತಿ ದಿನ ಅವ್ವನ ತಲೆಯೊಳಗಿಂದ ಏನೋ ಒಂದು ಹೊರಬಿದ್ದು ಹೋಗುತ್ತಿತ್ತು. ಇವತ್ತು ಹೋದದ್ದು ಅದೇ ಇರಬಹುದೇ ಎಂದು ದಿನಾ ಅನಿಸುತ್ತಿತ್ತು.

ಶಾಲೆಯ ದಾಖಲೆಯಲ್ಲಿ ಸಿಗಲಿಲ್ಲ. ಜನನದ ದಾಖಲೆಯಲ್ಲೂ ಸಿಗಲಿಲ್ಲ. ಆ ಕಾಲದಲ್ಲಿ ಮನೆಯಲ್ಲಿ ಹುಟ್ಟಿದ್ದನ್ನು ಎಲ್ಲರೂ ಬರೆಸುತ್ತಿರಲಿಲ್ಲ. ಮೂಡಲಗಿಗೆ ಹೋಗಿ ಅಣ್ಣನನ್ನು ಕೇಳಿದೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಮೋಟರಿಗೆ ತಂತಿ ಸುತ್ತುತ್ತ, ತಲೆ ಎತ್ತದೆ ಹೇಳಿದ:

"ಅಂಥಾಕಿ ಯಾರೂ ಇದ್ದಿದ್ದಿಲ್ಲ. ನಿನ್ನ ಹೊತ್ಕೊಂಡು ತಿರಗಿದಾಕಿ ಬಾಜೂ ಮನಿ ಹುಡಿಗಿ ಇರಬೇಕು."

"ಬಾಜೂ ಮನ್ಯಾಗ ಬರೇ ಗಂಡ ಹುಡುಗ್ರಿದ್ರು, ಅಣ್ಣಾ."

"ಹಂಗಾರ ಆಚೀ ಮನಿ ಹುಡಿಗಿ. ಈ ವಯಸ್ಸಿನ್ಯಾಗ ಇತಿಹಾಸ ಕಲ್ಯಾಕ ಹೋಗಿ ನಮ್ಮ ಮನೀನ ಅಗ್ಯಾಕ ಹತ್ತೀಯೇನು? ಅಗೀಬೇಕಂದ್ರ ನನ್ನ ಹೊಲದಾಗ ಬಾ, ಬೋರಿಗೆ ನೀರು ಬಂದಿಲ್ಲ."

ಅತ್ತಿಗೆ ನಕ್ಕಳು. ನಾನೂ ನಕ್ಕೆ. ಹೊರಡುವಾಗ ಅಣ್ಣನೇ ಮಾತು ತಿರುಗಿಸಲೆಂದು ಹೇಳಿದ, "ಬೇಕಾದ್ರ ಹೆಳವನ್ನ ಕೇಳು. ಎರಡ ವರ್ಷದ ಹಿಂದ ಬಂದಿದ್ದ, ನಂಬರ ಕೊಟ್ಟು ಹೋಗ್ಯಾನ. ನಿಮ್ಮ ಮಾಸ್ತರಗಿಂತ ದೊಡ್ಡ ಇತಿಹಾಸ ಅಂವನ ಕಡೆ ಐತಿ." ಚೇಷ್ಟೆಗೆ ಅಂದದ್ದು. ನಾನು ನಂಬರನ್ನು ಬರೆದುಕೊಂಡೆ.

ಹೆಳವರು ಅಂದರೆ ಒಕ್ಕಲು ಮನೆತನಗಳ ವಂಶ ಹೇಳುವವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟರ್ ಸೈಕಲ್ಲಿನ ಮೇಲೆ ಬರುತ್ತಾರೆ. ಕೆಲವು ವರ್ಷಕ್ಕೊಮ್ಮೆ ಅಂಗಳದಲ್ಲಿ ಕೂತು, ನಿಮ್ಮ ಮೂಲ ಯಾವ ಊರು, ಅಲ್ಲಿಂದ ಯಾರು ಎದ್ದು ಬಂದರು, ಯಾರಿಗೆ ಯಾರು ಹುಟ್ಟಿದರು ಎಂದು ಹಾಡಿದ ಹಾಗೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು ಹೋಗುತ್ತಾರೆ. ನಮ್ಮ ಹೆಳವ ಹುಕ್ಕೇರಿ ತಾಲೂಕಿನಲ್ಲಿ, ಯಮಕನಮರಡಿಯಿಂದ ಒಳಗೆ ಒಂದು ಹಳ್ಳಿಯಲ್ಲಿದ್ದ. ಅವ್ವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬುಧವಾರ ಅಂಗಡಿ ಮುಚ್ಚಿ ಹೋದೆ. ಹೆದ್ದಾರಿಯಲ್ಲಿ ಇಳಿದಾಗ ಲಾರಿಗಳ ಧೂಳಿನಲ್ಲಿ ನಿಂತು, ಏನು ಹುಚ್ಚು ಇದು ಎಂದು ಒಮ್ಮೆ ಅನಿಸಿತು. ಆದರೂ ಆಟೋ ಹತ್ತಿದೆ.

ಹೆಳವ ಎಂಬತ್ತರ ಹತ್ತಿರದ ಮನುಷ್ಯ. "ಒಕ್ಕಲದವರ ಬಾಗಿಲಿಗೆ ನಾವ ಹೋಗಿ ಹೇಳೂದು ಪದ್ಧತಿ, ತಾಯಿ. ನೀವs ನಮ್ಮ ಬಾಗಿಲಿಗೆ ಬಂದ್ರಿ. ಇರ್ಲಿ, ಕೂಡ್ರಿ," ಎಂದು ಕೈಕಾಲು ತೊಳೆದು, ರುಮಾಲು ಸುತ್ತಿಕೊಂಡು, ಕೆಂಪು ಬಟ್ಟೆಯ ಗಂಟು ಬಿಚ್ಚಿದ. ಮೂಲದಿಂದ ಶುರು ಮಾಡಿದ. ನಾನು ಕೇಳಿರದ ಹೆಸರುಗಳು ಒಂದರ ಹಿಂದೊಂದು ಬಂದವು. ಅಜ್ಜನ ಹೆಸರು ಬಂತು. ಅವನಿಗೆ ಯಾವ ಊರಿನಿಂದ ಯಾರ ಮಗಳನ್ನು ತಂದರು ಎಂಬುದು ಬಂತು, ಆಕೆಯ ಹೆಸರು ಬಂತು. ಅಪ್ಪ, ಅವ್ವ, ಅಣ್ಣ. ನಿಂತ.

"ಹೆಣ್ಣ ಮಕ್ಕಳದು?"

"ಕೊಟ್ಟ ಮನೀ ಪುಸ್ತಕದಾಗ ಇರ್ತಾವು ತಾಯಿ. ನಿಮ್ಮದು ನಿಮ್ಮ ಗಂಡನ ಮನೀ ಹೆಳವರ ಕಡೆ ಐತಿ. ಕೊಡೂದಕಿಂತ ಮೊದಲ ಹ್ವಾದ ಹೆಣ್ಣು ಯಾವ ಪುಸ್ತಕದಾಗೂ ಇರೂದಿಲ್ಲ."

ಅಷ್ಟು ದೂರ ಬಂದದ್ದು ವ್ಯರ್ಥವಾಯಿತು ಅಂದುಕೊಂಡೆ. ಏಳುವಾಗ ಏನೋ ಹಿಂದಕ್ಕೆ ಎಳೆಯಿತು. "ಅಜ್ಜೀ ಹೆಸರು ಇನ್ನೊಮ್ಮೆ ಹೇಳ್ರಿ," ಎಂದೆ. ಆತ ಹೇಳಿದ. ಅದು ನನ್ನ ಹೆಸರಲ್ಲ.

ಇಲ್ಲಿ ನನ್ನ ಹೆಸರಿನ ಬಗ್ಗೆ ಹೇಳಬೇಕು. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸುತ್ತಿದ್ದರು. ಇದು ನಮ್ಮದಲ್ಲ, ಬಿಸಾಕಿದ್ದು ಎಂದು ಸಾವಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು. ನೆರೆಯವಳೊಬ್ಬಳು ಅದನ್ನು ಎತ್ತಿ ತಂದು, ಸಿಕ್ಕಿದ ಕೂಸೆಂದು ತಾಯಿಯ ಮಡಿಲಿಗೆ ಹಾಕುತ್ತಿದ್ದಳು. ಅಂಥ ಕೂಸಿಗೆ ತಿಪ್ಪೆಯ ಹೆಸರನ್ನೇ ಇಡುತ್ತಿದ್ದರು. ನನಗಿರುವುದು ಅಂಥ ಹೆಸರು. ಶಾಲೆಯಲ್ಲಿ ಮೂಗು ಮುಚ್ಚಿಕೊಂಡು ಕರೆಯುತ್ತಿದ್ದರು. ಅತ್ತರೆ ಅವ್ವ, "ನಿಮ್ಮಜ್ಜೀ ಹೆಸರು ಅದು, ನಿಮ್ಮಪ್ಪನ ಅವ್ವಂದು. ಆಕೀನ್ನ ಹೊರಳ್ಯಾಡಿಸಿದ್ರು, ನಿನ್ನಲ್ಲ. ಸುಮ್ಮನಿರು," ಎನ್ನುತ್ತಿದ್ದಳು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಎಲ್ಲ ಮನೆಯಲ್ಲೂ ಉಂಟು. ನಾನು ಯಾಕೆ ಅನುಮಾನಪಡಲಿ?

ಆತನಿಗೆ ನನ್ನ ಹೆಸರು ಹೇಳಿದೆ. "ಈ ಹೆಸರು ನಿಮ್ಮ ವಂಶದಾಗ ಎಲ್ಲೂ ಇಲ್ಲ," ಎಂದ ಹೆಳವ. ಪುಸ್ತಕ ಮುಚ್ಚಿ ನನ್ನನ್ನು ನೋಡಿದ. "ಹಂಗಾರ ನಿಮ್ಮನ್ನs ಹೊರಳಸ್ಯಾರ. ನಿಮಗಿಂತ ಮೊದಲ ಕೂಸು ಹೋಗಿರಬೇಕು, ತಾಯಿ."

ಅಕ್ಕ ಇದ್ದಳು. ಹೊರಗಿನ ಸಾಕ್ಷಿ ಸಿಕ್ಕಿತು, ಅದೂ ನನ್ನ ಹೆಸರಿನೊಳಗೇ. ಹಳ್ಳಿಯಿಂದ ಹೆದ್ದಾರಿಯವರೆಗೆ ಆಟೋದಲ್ಲಿ ಬರುವಾಗ ನನ್ನೊಳಗೆ ಏನೋ ಕುಣಿಯುತ್ತಿತ್ತು. ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಅದು ನಿಂತಿತು. ನನಗಿಂತ ಮೊದಲು ಹೋಗಿದ್ದರೆ ನನ್ನನ್ನು ಹೊತ್ತವರು ಯಾರು?

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಹೆಳವ ಹೇಳಿದ್ದನ್ನು ಹೇಳಿದೆ. ಅವನು ಅಂಗಡಿಯಲ್ಲಿ ಓಡುತ್ತಿದ್ದ ಮೋಟರನ್ನು ನಿಲ್ಲಿಸಿದ.

"ಅವ್ವ ದೇವರ ಮುಂದ ನಿಂದರಿಸಿ ಆಣಿ ಮಾಡಿಸಿದ್ಲು," ಎಂದ. "ತಿಪ್ಪಿಗೆ ಕೊಟ್ಟು ತಂದ ಕೂಸಿನ ಮುಂದ ಹ್ವಾದವರ ಹೆಸರ ಎತ್ತಬಾರ್ದು. ಎತ್ತಿದ್ರ ಸಾವಿಗೆ ತಿಳೀತೈತಿ, ಇದೂ ಅದs ಮನೀದು ಅಂತ. ಅಕ್ಕ ಹ್ವಾದ್ಲು, ಆಮ್ಯಾಲ ಒಂದ ಕೂಸು ಹೆಸರಿಡೂದರೊಳಗs ಹೋತು. ಆಮ್ಯಾಲ ನೀ."

"ಮತ್ತ ನನ್ನ ಹೊತ್ಕೊಂಡು ತಿರಗಿದ್ದು? ಬಾರಿಹಣ್ಣು?"

"ಅದು ನಂದು," ಎಂದ ಅಣ್ಣ.

ನನಗೆ ಅರ್ಥವಾಗಲಿಲ್ಲ.

"ಆಕಿ ಹೊತ್ಕೊಂಡು ತಿರಗಿದ್ದು ನನ್ನ. ನೀ ಸಣ್ಣಾಕಿ ಇದ್ದಾಗ ಒಮ್ಮೆ ತಡೀಲಾರದ ನಿನಗ ಹೇಳಿಬಿಟ್ಟಿದ್ದೆ. ಅವ್ವ ಕೇಳಿಸ್ಕೊಂಡು ಬಾರಕೋಲಿಲೆ ಹೊಡದಿದ್ಲು. ಅಂದಿನಿಂದ ಬಾಯಿ ಬಿಟ್ಟಿಲ್ಲ."

ಬಸ್ಸು ಬಂತು, ಹೋಯಿತು. ನನ್ನ ಕೆನ್ನೆಗೆ ಈಗಲೂ ಆ ಹಸಿ ಜಡೆ ತಣ್ಣಗೆ ತಾಗುತ್ತಿದೆ. ಅದು ಅಣ್ಣನ ಕೆನ್ನೆ. ಐವತ್ತು ವರ್ಷ ಇನ್ನೊಬ್ಬರ ಕೆನ್ನೆಯನ್ನು ಇಟ್ಟುಕೊಂಡು ತಿರುಗಿದ್ದೇನೆ. ಮುಖ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ನಾನು ಹೂಡಿದ್ದ ವಾದ ಎಷ್ಟು ಚೆನ್ನಾಗಿತ್ತು. ಅಣ್ಣ ಮುಖ ಹೇಗಿತ್ತೆಂದು ಹೇಳಿರಲಿಲ್ಲ, ಅದಕ್ಕೇ ಕಾಣುತ್ತಿರಲಿಲ್ಲ.

"ಹೆಸರು?" ಎಂದೆ.

"ನಾನೂ ಅಕ್ಕ ಅಂತನ ಕರೀತಿದ್ದೆ. ಹೆಸರು ಗೊತ್ತಿತ್ತು, ಖರೆ. ಹೇಳಬಾರ್ದು ಹೇಳಬಾರ್ದು ಅಂತ ಒಳಗ ಇಟ್ಟು ಇಟ್ಟು, ಒಂದಿನ ನೋಡಿದ್ರ ಇಲ್ಲ. ಹೋಗೇಬಿಟ್ಟೈತಿ." ಅರವತ್ತು ಸಮೀಪಿಸಿದ ಅಣ್ಣ ಅತ್ತದ್ದನ್ನು ನಾನು ಅವತ್ತೇ ಕೇಳಿದ್ದು. ನನ್ನನ್ನು ಉಳಿಸಲು ಒಂದು ಮನೆ ಒಂದು ಹುಡುಗಿಯನ್ನು ಇಷ್ಟು ಶುದ್ಧವಾಗಿ ಒರೆಸಿ ಹಾಕಿತ್ತು. ಸಾವಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಇನ್ನು ಉಳಿದದ್ದು ಅವ್ವ ಒಬ್ಬಳೇ.

ನಾನು ಕೇಳಿದೆ. ಒಳ್ಳೆಯ ದಿನ ಕೇಳಿದೆ, ಮುಖ ತಿರುಗಿಸಿದಳು. ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ. ಕಲ್ಲೋಳಿಯ ಮಾತು ತೆಗೆದು, ಬಾವಿಯ ಮಾತು ತೆಗೆದು, ಸುತ್ತು ಹಾಕಿ ಕೇಳಿದೆ. ಸಿಟ್ಟಿನಿಂದಲೂ ಕೇಳಿದೆ, ಎಂಬತ್ತೈದರ ಮುದುಕಿಯ ಭುಜ ಹಿಡಿದು ಅಲುಗಾಡಿಸಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ನಾನು ಅಂಥವಳಲ್ಲ ಎಂದು ಅಂದುಕೊಂಡಿದ್ದೆ, ಅಂಥವಳೇ. ಭುಜದ ಮೇಲೆ ನನ್ನ ಬೆರಳಿನ ಗುರುತು ಸಂಜೆಯವರೆಗೂ ಇತ್ತು. ಯಾಕೆ ನೋಯುತ್ತಿದೆ ಎಂದು ಅವಳಿಗೆ ತಿಳಿಯದು.

ಕೊನೆಗೆ ಒಂದು ಕೆಟ್ಟ ದಿನ, ನನ್ನನ್ನು ಬಾಯಾರ ಎಂದು ಕರೆಯುತ್ತಿದ್ದಾಗ, ನಾನು ಪರಕೀಯಳ ದನಿಯಲ್ಲಿ ಕೇಳಿದೆ: "ನಿಮಗೆಷ್ಟು ಮಕ್ಕಳ್ರಿ ಅಜ್ಜಿ? ದೊಡ್ಡಾಕಿ ಹೆಸರೇನು?"

ಅವಳ ತುಟಿ ತೆರೆಯಿತು. ಅವಳು ನನ್ನ ಮುಖವನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಒಣಗಿದ ಅಂಗೈಯನ್ನು ನನ್ನ ಬಾಯಿಯ ಮೇಲೆ ಇಟ್ಟಳು. ನಾನು ತನ್ನ ಮಗಳೆಂಬುದು ಮರೆತಿತ್ತು. ಈ ಮುಖದ ಮುಂದೆ ಅದನ್ನು ಹೇಳಬಾರದು ಎಂಬುದು ಮಾತ್ರ ಮರೆತಿರಲಿಲ್ಲ.

ಮುಂದಿನ ರವಿವಾರ ತರಗತಿಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಕಾಕೂ, "ನಾ ಬಂದು ಕೇಳಲೇನು? ನನ್ನ ಮಾರಿ ಬ್ಯಾರೆ ಐತಲ್ಲ," ಎಂದರು.

ಸರ್ ಕನ್ನಡಕ ತೆಗೆದರು. "ಹೇಳ್ಲಿಕ್ಕೆ ಒಲ್ಲೆ ಅಂದವರ ಕಡೆಯಿಂದ ಹಿಂಗ ಹೇಳಸ್ಕೊಳ್ಳೂದು ಸರಿ ಅಲ್ರಿ."

"ಸರಿ ಅಲ್ಲ ಅಂತ ನನಗೂ ಗೊತ್ತೈತ್ರಿ ಸರ. ಇನ್ನೆಷ್ಟ ದಿನ ಐತಿ ಅನ್ನೂದು ನಿಮಗ ಗೊತ್ತೈತೇನು?" ಎಂದೆ.

ಕಾಕೂ ತರಗತಿ ಮುಗಿಸಿ ನೇರ ಮನೆಗೆ ಬಂದರು. ನಾನು ಹಿಂದಿನ ಅಂಗಳಕ್ಕೆ ಹೋಗಿ ಕೂತೆ. ಕಿಟಕಿಯಿಂದ ಕಾಕೂನ ದನಿ ಕೇಳುತ್ತಿತ್ತು, ಜೋಳ, ಮಳೆ, ಸೊಸೆಯರು. ಅವ್ವ ನಕ್ಕಳು. ಅವ್ವ ನಕ್ಕು ತಿಂಗಳಾಗಿತ್ತು. ಆಮೇಲೆ ಇಬ್ಬರ ದನಿಯೂ ಇಳಿಯಿತು. ಆಮೇಲೆ ಏನೂ ಕೇಳಲಿಲ್ಲ. ತಂತಿಯ ಮೇಲಿನ ಸೀರೆ ಒಣಗಿತ್ತು, ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ.

ಕಾಕೂ ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿದ್ದವು.

"ಹೇಳಿದ್ಲೇನ್ರಿ?"

"ಹೇಳಿದ್ರು. ಹೆಸರು ಹೇಳಿದ್ರು, ಎಲ್ಲಾ ಹೇಳಿದ್ರು. ಜ್ವರ ಬಂದದ್ದು, ಚಕ್ಕಡ್ಯಾಗ ಹಾಕ್ಕೊಂಡು ಇಲ್ಲೇ ಗೋಕಾವಿ ದವಾಖಾನಿಗೆ ಹೊಂಟದ್ದು, ದಾರ್ಯಾಗ ಹ್ವಾದದ್ದು."

"ಏನಂತ್ರಿ ಹೆಸರು?" ಎಂದೆ.

ಕಾಕೂ ಸೆರಗಿನಿಂದ ಮುಖ ಒರೆಸಿಕೊಂಡರು. "ತಂಗಿ, ನನ್ನ ಕೈ ಹಿಡದು ಆಣಿ ಮಾಡಸ್ಕೊಂಡ್ರು. ನನ್ನ ಮಗಳ ಮುಂದ ಆಡಬ್ಯಾಡ್ರಿ, ಹೆಣ್ಣಂತ ಅದೊಂದs ಉಳದೈತಿ ಅಂದ್ರು."

"ಕಾಕೂ, ಅದು ಮೂಢನಂಬಿಕಿ. ನನಗ ಐವತ್ತೆರಡು ವರ್ಷ. ಇನ್ನ ಯಾವ ಸಾವು ನನ್ನ ಹುಡಿಕ್ಯೊಂಡು ಬರತೈತಿ?"

"ನಂಬಿಕಿ ಮೂಢ ಇರಬೌದು. ಆಣಿ ಮಾಡಿದ್ದು ಖರೆ ಐತಲ್ಲ."

"ಒಂದ ಚೀಟ್ಯಾಗ ಬರದ ಇಡ್ರಿ. ನಾ ನೋಡೂದಿಲ್ಲ."

"ನನಗ ಬರ್ಯಾಕ ಎಲ್ಲಿ ಬರತೈತಿ? ಬ್ಯಾರೆಯವರ ಕಡೆ ಬರಸಿದ್ರ ಹೇಳಿದಂಗ ಆಗಲಿಲ್ಲೇನು?"

ನಾನು ಕಾಲು ಹಿಡಿದೆ. ಇದು ಮಾತಿಗೆ ಹೇಳುವುದಲ್ಲ, ನಿಜವಾಗಿ ಅಂಗಳದ ಹಾಸುಗಲ್ಲಿನ ಮೇಲೆ ಕೂತು ಅವರ ಎರಡೂ ಪಾದ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ, ಬಗ್ಗಿ ನನ್ನ ತಲೆ ಸವರಿದರು. "ಆಣಿ ಆಕಿ ಇರೂತನಕ, ತಂಗಿ. ಆಮ್ಯಾಲ ನಾನs ಬಂದು ಹೇಳ್ತೇನಿ. ಮರೀಬಾರ್ದು ಅಂತ ದಿನಾ ಗಿರಣಿ ಚಾಲೂ ಮಾಡೂ ಮುಂದ ಒಮ್ಮೆ ಅಂದ್ಕೋತೇನಿ."

ಆ ದಿನದಿಂದ ನನ್ನ ಮನೆಯಲ್ಲಿ ಏನಾಯಿತೆಂದು ನೇರವಾಗಿ ಹೇಳುತ್ತೇನೆ. ನಾನು ಅವ್ವನ ಸಾವಿಗೆ ಕಾಯತೊಡಗಿದೆ.

ಹಾಗೆ ನಾನು ಅಂದುಕೊಂಡಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ಕಲಸಿ ತಿನ್ನಿಸುತ್ತಿದ್ದೆ, ಸ್ನಾನ ಮಾಡಿಸುತ್ತಿದ್ದೆ, ಮೊದಲಿಗಿಂತ ಮೆತ್ತಗೆ ಮಾಡಿಸುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಮೂರನೆಯ ದಿನ ಮಧ್ಯಾಹ್ನ ಡಾಕ್ಟರರು, ಹೇಳಿಕಳಿಸಬೇಕಾದವರಿಗೆ ಹೇಳಿಕಳಿಸಿ ಎಂದರು. ಅಣ್ಣ ಮೂಡಲಗಿಯಿಂದ ಹೊರಟ. ಕಾಕೂಗೂ ಸುದ್ದಿ ಮುಟ್ಟಿ ಅವರೂ ಬಂದರು, ಮಂಚದ ಆಚೆ ಬದಿಗೆ ಸ್ಟೂಲಿನ ಮೇಲೆ ಕೂತರು. ಅವ್ವನ ಉಸಿರು ಹಗ್ಗ ಎಳೆದ ಹಾಗೆ ಬರುತ್ತಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ದೊಡ್ಡ ಸಂದು. ಅಂಥ ಒಂದು ಸಂದಿನಲ್ಲಿ, ಇನ್ನೊಂದು ಉಸಿರು ಬರುವುದೋ ಇಲ್ಲವೋ ಎನ್ನುವಾಗ, ನಾನು ಅವ್ವನ ಮುಖವನ್ನು ನೋಡುತ್ತಿರಲಿಲ್ಲ. ಕಾಕೂನ ಬಾಯಿಯನ್ನು ನೋಡುತ್ತಿದ್ದೆ.

ಕಾಕೂ ಅದನ್ನು ಕಂಡರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ಉಸಿರು ಬಂತು. ಎರಡು ದಿನದಲ್ಲಿ ಜ್ವರ ಇಳಿಯಿತು. ವಾರದಲ್ಲಿ ಅವ್ವ ಮನೆಗೆ ಬಂದು, ಕಲ್ಲೋಳಿಯ ಬಸ್ಸು ಹೋಯಿತೇನು ಎಂದು ಕೇಳಿದಳು. ಅಣ್ಣ, "ಗಟ್ಟಿ ಐತಿ ಮುದಿಕಿ, ನಮ್ಮನ್ನೆಲ್ಲಾ ಕಳಿಸೇ ಹೋಗಾಕಿ," ಎಂದು ನಕ್ಕ. ನನಗೆ ಸಂತೋಷವಾಯಿತು ಎಂದು ಬರೆಯುತ್ತೇನೆ. ಸಂತೋಷವಾಗಿತ್ತು ಕೂಡ. ಅದರ ಪಕ್ಕದಲ್ಲೇ ಇನ್ನೊಂದು ಇತ್ತು, ಅದಕ್ಕೆ ಸಂತೋಷದಷ್ಟೇ ಮೈಕಟ್ಟು ಇತ್ತು.

ಈಗಲೂ ರವಿವಾರ ತರಗತಿಗೆ ಹೋಗುತ್ತೇನೆ. ಸರ್ ಈಗ ಶಾಸನಗಳನ್ನು ಓದಿಸುತ್ತಿದ್ದಾರೆ, ಅಕ್ಷರ ಅಳಿಸಿಹೋದಲ್ಲಿ ಊಹೆ ತುಂಬಬಾರದು, ಖಾಲಿಯೆಂದೇ ಬರೆಯಬೇಕು ಎನ್ನುತ್ತಾರೆ. ನಾನು ಕೇಳುತ್ತೇನೆ, ಅರ್ಧ ಮಾತ್ರ. ಉಳಿದರ್ಧ ಕಾಕೂನ ಮೇಲಿರುತ್ತದೆ. ಕಾಕೂಗೆ ಸಕ್ಕರೆ ಕಾಯಿಲೆ ಇದೆ. ಹೋದ ತಿಂಗಳು ಎರಡು ವಾರ ಬರಲಿಲ್ಲ. ಬಂದಾಗ ಕಾಲು ಬಾತಿತ್ತು. ಗುಳಿಗೆ ತಪ್ಪಿಸುತ್ತಾರೆ ಎಂದು ತಿಳಿದು, ದಿನಾ ಮುಂಜಾನೆ ಫೋನ್ ಮಾಡಿ ನೆನಪಿಸುತ್ತೇನೆ. ತರಗತಿಯಲ್ಲಿ ಯಾರೋ ಕರದಂಟು ಹಂಚಿದರೆ ಅವರ ಕೈಯಿಂದ ತೆಗೆದುಕೊಳ್ಳುತ್ತೇನೆ. "ನನ್ನ ಸೊಸೀನೂ ಇಷ್ಟ ಕಾಡೂದಿಲ್ಲ," ಎನ್ನುತ್ತಾರೆ. ನಗುತ್ತಾರೆ, ಆದರೆ ಯಾಕೆಂದು ಅವರಿಗೆ ಗೊತ್ತು.

ಹೋದ ರವಿವಾರ ತರಗತಿ ಬಿಟ್ಟ ಮೇಲೆ ಮಮದಾಪುರದ ಬಸ್ಸು ಹಿಡಿಯಲು ಅವರು ರಸ್ತೆ ದಾಟಬೇಕಿತ್ತು. ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಬದಿಗೆ ಕಬ್ಬು ಚಾಚಿಕೊಂಡು, ಒಂದರ ಹಿಂದೊಂದು ಬರುತ್ತಿದ್ದವು. ಕಾಕೂ ಆಚೆ ಈಚೆ ನೋಡದೆ ಕಾಲಿಟ್ಟರು. ನಾನು ಅವರ ಮೊಣಕೈ ಹಿಡಿದು ಹಿಂದಕ್ಕೆಳೆದೆ.

"ಬಿಡ ತಂಗಿ, ಕೈ ನೋಯಾಕತ್ತೈತಿ. ದಿನಾ ದಾಟೂ ರಸ್ತಾ ಇದು," ಎಂದರು.

ನಾನು ಬಿಡಲಿಲ್ಲ. ಟ್ರ್ಯಾಕ್ಟರುಗಳು ಹೋಗುತ್ತಲೇ ಇದ್ದವು.